ಹದಿನೆಂಟರ ಬೋರ್ಡಿನಿಂದ ಶುರು ಮಾಡು

ಪ್ರೀತಿಯ ತಂಗಿ,

ಅಮೆರಿಕದ ಫುಟ್‌ಬಾಲ್ ಆಟಗಾರ ಆರ್ಚಿ ಮ್ಯಾನಿಂಗ್ ಬಗ್ಗೆ ನೀನು ಕಳಿಸಿದ ಬರಹ ಎರಡು ಸಲ ಓದಿದೆ. ಮೊದಲ ಪುಟದಲ್ಲೇ ನಾಲ್ಕು ಸೂಪರ್ ಬೌಲ್, ಅಂದರೆ ಆ ಆಟದ ವರ್ಷದ ಅಂತಿಮ ಪಂದ್ಯದ ಗೆಲುವು, ತಂದು ಸುರಿದಿದ್ದೀಯ. ಪೇಟನ್‌ದು ಎರಡು, ಈಲೈದು ಎರಡು. ಅವೆಲ್ಲ ಮಕ್ಕಳು ಗೆದ್ದದ್ದು. ನೀನು ಬರೆಯಲು ಹೊರಟಿದ್ದು ಅಪ್ಪನ ಬಗ್ಗೆ ಅಲ್ವಾ?

ಅಪ್ಪ ಸೋತವನು. 1971ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಸೇರಿದ. ಅಮೆರಿಕದವರ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವನು. ಕಾವಲಿಗೆ ನಿಂತವರು ಗಟ್ಟಿಯಿಲ್ಲದಿದ್ದರೆ ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿಬಿಡುತ್ತಾರೆ. ಆರ್ಚಿ ಹಾಗೆ ಬಿದ್ದದ್ದು ಹತ್ತಿರ ಹತ್ತಿರ 400 ಸಲ. ಅವನು ಕ್ವಾರ್ಟರ್‌ಬ್ಯಾಕ್ ಆಗಿ ಶುರು ಮಾಡಿದ ಪಂದ್ಯಗಳಲ್ಲಿ ಗೆಲುವು 35, ಸೋಲು 101. 1980ರಲ್ಲಿ ತಂಡ 16 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು. ಅಭಿಮಾನಿಗಳು ನಾಚಿಕೆಗೆ ತಲೆ ಮೇಲೆ ಕಾಗದದ ಚೀಲ ಕವುಚಿಕೊಂಡು, ಕಣ್ಣಿಗೆರಡು ತೂತು ಮಾಡಿಕೊಂಡು ಬಂದು ಕೂರುತ್ತಿದ್ದರು. ಇದನ್ನು ನೀನು ಐದನೇ ಪುಟದಲ್ಲಿ ಅರ್ಧ ಸಾಲಿಗೆ ಮುಗಿಸಿದ್ದೀಯ. ನೋಡಿ ಹೊಟ್ಟೆ ಉರೀತು.

ಇನ್ನು 1969ರ ಬೇಸಿಗೆ. 'ತೀವ್ರ ಆಘಾತಕ್ಕೊಳಗಾದನು' ಅಂತ ಬರೆದಿದ್ದೀಯ. ಹೊಡೆದುಹಾಕು. ನಡೆದದ್ದಷ್ಟೇ ಹೇಳು. ಮಿಸಿಸಿಪ್ಪಿಯ ಡ್ರೂ ಅನ್ನೋ ಪುಟ್ಟ ಊರು. ಆರ್ಚಿಗೆ ಇಪ್ಪತ್ತು. ಮದುವೆಯೊಂದಕ್ಕೆ ಹೋಗಿದ್ದವನು ಮನೆಯವರಿಗಿಂತ ಮೊದಲು ವಾಪಸ್ ಬಂದ. ಅವನ ಅಪ್ಪ ತಮ್ಮ ಜೀವ ತಾವೇ ತೆಗೆದುಕೊಂಡಿದ್ದರು. ಅಮ್ಮನ ಕಣ್ಣಿಗೆ ಬೀಳದಿರಲಿ ಅಂತ ಕೋಣೆಯನ್ನು ತಾನೇ ಶುಚಿ ಮಾಡಿದ. ಆಮೇಲೆ ಓದು ಬಿಟ್ಟು ದುಡಿಯಲು ಹೊರಟ. ಅಮ್ಮ ಒಪ್ಪಲಿಲ್ಲ, ಕಾಲೇಜಿಗೆ ವಾಪಸ್ ಕಳಿಸಿದಳು. ಇಷ್ಟು ಸಾಕು. ಮುಂದಕ್ಕೆ ಹೋಗು.

ಹಿರಿಯ ಮಗ ಕೂಪರ್‌ನನ್ನು ಮರೆತೇಬಿಟ್ಟಿದ್ದೀಯಲ್ಲ! ಹೈಸ್ಕೂಲಿನಲ್ಲಿ ಪೇಟನ್ ಎಸೆದ ಚೆಂಡು ಹಿಡಿಯುತ್ತಿದ್ದವನು ಅವನೇ. ಬೆರಳು ಜೋಮು ಹಿಡಿಯತೊಡಗಿತು. ಬೆನ್ನುಹುರಿ ಹಾದುಹೋಗುವ ದಾರಿ ಕಿರಿದಾಗಿದೆ, ಆಟ ಬಿಡು ಅಂದರು ಡಾಕ್ಟರು. ಆಗ ಅವನಿಗೆ ಹದಿನೆಂಟು. ಅವನ ಅಂಗಿಯ ನಂಬರೂ ಹದಿನೆಂಟೇ, ಅಪ್ಪ ಕಾಲೇಜಿನಲ್ಲಿ ತೊಟ್ಟಿದ್ದ ನಂಬರು. ಅಣ್ಣ ಬಿಟ್ಟ ಆ ಅಂಗಿಯನ್ನು ಪೇಟನ್ ತೊಟ್ಟ. ಈಗ ಕೂಪರ್‌ನ ಮಗ ಆರ್ಚ್ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಸೇರಿದ್ದಾನೆ. 'ವಂಶ', 'ಪರಂಪರೆ' ಅಂತ ಹನ್ನೊಂದು ಸಲ ಬರೆಯುವ ಬದಲು ಈ ಅಂಗಿ ತೋರಿಸು.

ಆರ್ಚಿ ಓದಿದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಒಳಗೆ ಗಾಡಿಗಳ ವೇಗದ ಮಿತಿ ಗಂಟೆಗೆ 18 ಮೈಲಿ. ಅವನ ನಂಬರು ಅಂತಲೇ ಇಟ್ಟದ್ದು. ಆ ಬೋರ್ಡಿನ ಮುಂದೆ ಓದುಗನನ್ನು ನಿಲ್ಲಿಸಿ ಶುರು ಮಾಡು. ಸೂಪರ್ ಬೌಲ್ ಕೊನೆಗೆ ಬರಲಿ, ಬಾರದಿದ್ದರೂ ನಡೀತದೆ.

ಶನಿವಾರದೊಳಗೆ ತಿದ್ದಿ ಕಳಿಸು. ಆಮೇಲೆ ನಾನು ಊರಲ್ಲಿರಲ್ಲ.

ಇಂತಿ,
ನಿನ್ನಣ್ಣ