ಸೇವಾ ಸಂಸ್ಥೆಯ ಮುಖ್ಯಸ್ಥರ ಸಂಬಳ: ಲೆಕ್ಕದಲ್ಲಿ ಎಲ್ಲಿ ಅಡಗಿರುತ್ತದೆ?

ಮಾನ್ಯ ಸಂಪಾದಕರೆ,

ದೊಡ್ಡ ಸೇವಾ ಸಂಸ್ಥೆಯ ಮುಖ್ಯಸ್ಥರಿಗೆ ವರ್ಷಕ್ಕೆ ಅರ್ಧ ಕೋಟಿ ಸಂಬಳವಂತೆ ಎಂಬ ಮಾತು ಬಂದಾಗಲೆಲ್ಲ ವಾದ ಎರಡು ಪಾಲಾಗುತ್ತದೆ. ದಾನದ ದುಡ್ಡಿನಲ್ಲಿ ಇಷ್ಟು ಸಂಬಳವೇ ಎನ್ನುವವರು ಕೆಲವರು. ನೂರಾರು ಕೋಟಿಯ ವಹಿವಾಟು ನೋಡಿಕೊಳ್ಳುವವರನ್ನು ಗೌರವಧನ ಕೊಟ್ಟು ತರಲಾದೀತೆ ಎನ್ನುವವರು ಇನ್ನು ಕೆಲವರು. ಎರಡರಲ್ಲೂ ಹುರುಳಿದೆ. ಆದರೆ ಆ ಸಂಬಳವನ್ನು ಗೊತ್ತುಮಾಡಿದವರು ಯಾರು, ಯಾವುದಕ್ಕೆ ಹೋಲಿಸಿ ಗೊತ್ತುಮಾಡಿದರು, ಅದು ಲೆಕ್ಕಪತ್ರದ ಯಾವ ಸಾಲಿನಲ್ಲಿ ಕೂತಿದೆ ಎಂದು ಕೇಳುವವರು ಕಡಿಮೆ. ಕೇಳಿದರೂ ನಮ್ಮಲ್ಲಿ ಉತ್ತರ ಸಿಗುವ ಜಾಗಗಳು ಇನ್ನೂ ಕಡಿಮೆ.

ದತ್ತಿ ಸಂಸ್ಥೆ ಇಂತಿಷ್ಟೇ ಸಂಬಳ ಕೊಡಬೇಕೆಂಬ ಮಿತಿ ಆದಾಯ ತೆರಿಗೆ ಕಾನೂನಿನಲ್ಲಿಲ್ಲ. 1961ರ ಕಾಯ್ದೆಯ 13ನೇ ಕಲಂ ಪ್ರಕಾರ, ದೊಡ್ಡ ದಾನಿಗಳಿಗೆ, ಹಾಗೆಯೇ ಸಂಸ್ಥಾಪಕರು, ಟ್ರಸ್ಟಿಗಳು, ಯಾವ ಹೆಸರಿನಿಂದ ಕರೆದರೂ ಸರಿ ಸಂಸ್ಥೆಯ ಮ್ಯಾನೇಜರು ಮತ್ತು ಈ ಮೂವರ ಬಂಧುಗಳಿಗೆ ಕೊಡುವ ಸಂಬಳ, ಅವರ ಕೆಲಸಕ್ಕೆ ನ್ಯಾಯವಾಗಿ ಕೊಡಬಹುದಾದಷ್ಟನ್ನು ಮೀರಬಾರದು. ಬಂಧುಗಳೆಂದರೆ ಹೆಂಡತಿ ಮಕ್ಕಳಷ್ಟೇ ಎಂದುಕೊಳ್ಳಬೇಡಿ. ಸೊಸೆ, ಅಳಿಯ, ಭಾವಮೈದುನ, ನಾದಿನಿ, ಅಣ್ಣನ ಮಗ ಎಲ್ಲರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಸೊಸೆಯನ್ನು ಪ್ರಾಂಶುಪಾಲೆ ಮಾಡಲು ಅಡ್ಡಿಯಿಲ್ಲ. ಅದೇ ಅರ್ಹತೆಯ ಹೊರಗಿನವರಿಗೆ ಅದೇ ಹುದ್ದೆಗೆ ಎಷ್ಟು ಕೊಡುತ್ತಿದ್ದಿರಿ ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಇರಬೇಕು, ಅಷ್ಟೇ. ಸಂಸ್ಥೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ: ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ‘ಸಂಬಳ ಪರಿಷ್ಕರಣೆಗೆ ಒಪ್ಪಲಾಯಿತು’ ಎಂಬ ಒಂದು ಸಾಲಿರುತ್ತದೆ, ಹೋಲಿಕೆಯ ಹಾಳೆ ಇರುವುದಿಲ್ಲ.

ಮಿತಿ ಮೀರಿದರೆ ಏನಾಗುತ್ತದೆ? 2022ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ, ಹೆಚ್ಚುವರಿಯಾಗಿ ಕೊಟ್ಟ ಮೊತ್ತಕ್ಕೆ 115ಬಿಬಿಐ ಕಲಂ ಪ್ರಕಾರ ಶೇ 30 ತೆರಿಗೆ. 271ಎಎಇ ಕಲಂ ಪ್ರಕಾರ ಮೊದಲ ಸಲ ಅಷ್ಟೇ ಮೊತ್ತದ ದಂಡ, ಮರುಕಳಿಸಿದರೆ ಎರಡು ಪಟ್ಟು. (2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನ 2026ರ ಏಪ್ರಿಲ್ 1, ಅದರಲ್ಲಿ ಕಲಂ, ನಮೂನೆಗಳ ಸಂಖ್ಯೆಗಳು ಬೇರೆ.) ತಿಂಗಳಿಗೆ 4 ಲಕ್ಷದಂತೆ ವರ್ಷಕ್ಕೆ 48 ಲಕ್ಷ ಕೊಟ್ಟ ಕಡೆ, 30 ಲಕ್ಷವಷ್ಟೇ ನ್ಯಾಯ ಎಂದು ಅಧಿಕಾರಿ ತೀರ್ಮಾನಿಸಿದರು ಎಂದಿಟ್ಟುಕೊಳ್ಳಿ. 18 ಲಕ್ಷದ ಮೇಲೆ 5.4 ಲಕ್ಷ ತೆರಿಗೆ, ಸೆಸ್ ಬೇರೆ, ಮೇಲೆ 18 ಲಕ್ಷ ದಂಡ. ಈ 23 ಲಕ್ಷ ಚಿಲ್ಲರೆಯನ್ನು ಕಟ್ಟುವುದು ಸಂಸ್ಥೆ, ಅಂದರೆ ದಾನಿಗಳ ದುಡ್ಡು. ಹೆಚ್ಚು ಸಂಬಳ ತೆಗೆದುಕೊಂಡವರ ಜೇಬಿಗೆ ಈ ಕಲಂಗಳ ಕೈ ಮುಟ್ಟುವುದಿಲ್ಲ.

ಅಮೆರಿಕದಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿನ ಯುನೈಟೆಡ್ ವೇ ಸಂಸ್ಥೆಯ ಮುಖ್ಯಸ್ಥ ವಿಲಿಯಂ ಆರಮೊನಿ ವರ್ಷಕ್ಕೆ 4,63,000 ಡಾಲರ್ ಸಂಬಳ–ಸವಲತ್ತು ಪಡೆಯುತ್ತಿದ್ದುದು ಬಯಲಾಗಿ 1992ರಲ್ಲಿ ರಾಜೀನಾಮೆ ಕೊಟ್ಟರು. ಸಂಸ್ಥೆಯ ಹಣದ ವಂಚನೆ ಸಾಬೀತಾಗಿ 1995ರಲ್ಲಿ 7 ವರ್ಷದ ಜೈಲುಶಿಕ್ಷೆಯಾಯಿತು. 1996ರಲ್ಲಿ ಬಂದ ಕಾನೂನಿನಂತೆ, ನ್ಯಾಯವಾದುದಕ್ಕಿಂತ ಹೆಚ್ಚು ಪಡೆದವರೇ ಹೆಚ್ಚುವರಿಯ ಶೇ 25ರಷ್ಟು ತೆರಿಗೆ ಕಟ್ಟಿ, ಆ ಹೆಚ್ಚುವರಿಯನ್ನು ಸಂಸ್ಥೆಗೆ ಮರಳಿಸಬೇಕು. ಮರಳಿಸದಿದ್ದರೆ ಶೇ 200. ಗೊತ್ತಿದ್ದೂ ಒಪ್ಪಿಗೆ ಕೊಟ್ಟ ಮಂಡಳಿ ಸದಸ್ಯರಿಗೂ ಶೇ 10ರ ಬಿಸಿ ತಟ್ಟುತ್ತದೆ. ಇದರಿಂದ ಮಂಡಳಿ ಬಚಾವಾಗುವ ದಾರಿಯನ್ನೂ ನಿಯಮವೇ ಹೇಳಿದೆ: ಯಾರ ಸಂಬಳದ ಚರ್ಚೆಯೋ ಅವರೂ ಅವರ ಕಡೆಯವರೂ ತೀರ್ಮಾನದಲ್ಲಿ ಇರಬಾರದು, ಅದೇ ಗಾತ್ರದ, ಅದೇ ಬಗೆಯ ಸಂಸ್ಥೆಗಳ ಸಂಬಳದ ಮಾಹಿತಿ ಮುಂದಿರಬೇಕು, ತೀರ್ಮಾನದ ಕಾರಣವನ್ನು ಮುಂದಿನ ಸಭೆ ಅಥವಾ 60 ದಿನ, ಯಾವುದು ತಡವೋ ಅಷ್ಟರೊಳಗೆ ಬರೆದಿಡಬೇಕು. ಇದಕ್ಕೆ ದುಡ್ಡು ಬೇಡ, ಒಂದು ಸಂಜೆಯ ಕೆಲಸ. ನಮ್ಮ ಸಂಸ್ಥೆಗಳು ಹೀಗೆ ಮಾಡಬಾರದೆಂದು ಇಲ್ಲಿಯ ಯಾವ ಕಾನೂನೂ ತಡೆದಿಲ್ಲ.

ಇನ್ನು ಸಂಬಳ ಅಡಗುವ ಬಗೆ. ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾಗಿ, ಆ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಆಡಳಿತ ಮಂಡಳಿಯವರ ಸಂಬಳ–ಪ್ರಯಾಣ, ನಿರ್ವಹಣಾ ಸಿಬ್ಬಂದಿಯ ಸಂಬಳ, ಕಚೇರಿ ಬಾಡಿಗೆ, ಕರೆಂಟ್ ಬಿಲ್, ವಾಹನ, ವಕೀಲರ ಶುಲ್ಕ ಎಲ್ಲವೂ ಈ ಶೇ 20ರೊಳಗೇ ಆಗಬೇಕು. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳ ಇದರಲ್ಲಿ ಸೇರುವುದಿಲ್ಲ. ಪರಿಣಾಮ ಊಹಿಸಬಹುದಾದದ್ದೇ. ನಿನ್ನೆಯ ‘ಮುಖ್ಯ ಕಾರ್ಯನಿರ್ವಾಹಕ’ ಇಂದು ‘ಯೋಜನಾ ನಿರ್ದೇಶಕ’ ಆಗುತ್ತಾರೆ, ಕುರ್ಚಿ ಅದೇ, ಮೇಜು ಅದೇ.

ಸಿಎಸ್‌ಆರ್, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಖರ್ಚು ಮಾಡುವ ಹಣದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಕಂಪನಿಯ ಒಟ್ಟು ಸಿಎಸ್‌ಆರ್ ವೆಚ್ಚದಲ್ಲಿ ಆಡಳಿತದ ಪಾಲು ಶೇ 5 ಮೀರಬಾರದು ಎಂಬ ನಿಯಮ ಅನ್ವಯವಾಗುವುದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಖರ್ಚಿಗೆ. ಕೆಲಸ ಮಾಡಿಕೊಡುವ ಸಂಸ್ಥೆಗೆ ಇದು ಅನ್ವಯಿಸದೆಂದು ಕಂಪನಿ ವ್ಯವಹಾರ ಸಚಿವಾಲಯ 2021ರಲ್ಲೇ ಸ್ಪಷ್ಟಪಡಿಸಿದೆ. ಆದರೂ ಸಂಸ್ಥೆಯ ಜೊತೆಗಿನ ಒಪ್ಪಂದದಲ್ಲಿ ಅದೇ ಶೇ 5 ಬರೆದು ಕಳಿಸುವ ಕಂಪನಿಗಳಿವೆ. ಲೆಕ್ಕಿಗ, ಬಾಡಿಗೆ, ಆಡಿಟ್, ಮುಖ್ಯಸ್ಥರ ಸಂಬಳ ಎಲ್ಲ ಶೇ 5ರಲ್ಲಿ ಮುಗಿಯುವುದು ಅಸಾಧ್ಯವೆಂದು ಇಬ್ಬರಿಗೂ ಗೊತ್ತು. ಸಹಿ ಮಾತ್ರ ಬೀಳುತ್ತದೆ.

ಆಮೇಲೆ ಶುರುವಾಗುವುದು ಹಂಚಿಕೆಯ ಆಟ. ಅದೇ 48 ಲಕ್ಷದ ಉದಾಹರಣೆ ತೆಗೆದುಕೊಳ್ಳಿ. ಮುಖ್ಯಸ್ಥರ ಸಂಬಳದ ಶೇ 20 ಶಾಲಾ ಯೋಜನೆಗೆ, ಶೇ 30 ಕೆರೆ ಯೋಜನೆಗೆ, ಶೇ 35 ಆರೋಗ್ಯ ಯೋಜನೆಗೆ, ಶೇ 30 ಹೊಲಿಗೆ ತರಬೇತಿಗೆ. ನಾಲ್ಕು ಯೋಜನೆ, ನಾಲ್ವರು ದಾನಿಗಳು, ನಾಲ್ಕು ಬಳಕೆ ಪ್ರಮಾಣಪತ್ರ. ಪ್ರತಿಯೊಂದನ್ನೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇರುತ್ತದೆ. ಕೂಡಿಸಿದರೆ ಶೇ 115. ಹೆಚ್ಚಿಗೆ ವಸೂಲಾದ 7.2 ಲಕ್ಷ ಯಾರ ಮನೆಗೂ ಹೋಗಿರಬೇಕೆಂದಿಲ್ಲ. ಅನೇಕ ಸಲ ದಾನಿಗಳು ಕೊಡಲೊಪ್ಪದ ಬಾಡಿಗೆ, ಸರ್ವರ್, ರಾತ್ರಿ ಕಾವಲುಗಾರನ ಪಗಾರ ಅದರಿಂದಲೇ ನಡೆಯುತ್ತಿರುತ್ತದೆ. ಹಾಗಿದ್ದರೂ ಒಂದೇ ಸಂಬಳವನ್ನು ಇಬ್ಬರಿಂದ ವಸೂಲು ಮಾಡಿದ್ದು ಸುಳ್ಳು ಲೆಕ್ಕವೇ. ಇದನ್ನು ಹಿಡಿಯಲು ಒಂದು ಹಾಳೆ ಸಾಕು: ಎಡಗಡೆ ಹನ್ನೆರಡು ತಿಂಗಳು, ಮೇಲುಗಡೆ ಯೋಜನೆಗಳ ಹೆಸರು, ಕೊನೆಯ ಕಾಲಂನಲ್ಲಿ ಮೊತ್ತ. ಆ ಮೊತ್ತ ಸಂಬಳದ ಲೆಡ್ಜರಿಗೆ ತಾಳೆಯಾಗಬೇಕು, ಯಾವ ತಿಂಗಳೂ ನೂರು ದಾಟಬಾರದು. ಶೇಕಡಾವಾರು ಪಾಲು ಬಜೆಟ್‌ನಿಂದ ನಕಲಾಗದೆ ಕೆಲಸದ ವೇಳಾಪಟ್ಟಿಯಿಂದ ಬಂದಿರಬೇಕು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದೇ ಅಂಕಿ ಕಂಡರೆ ಆ ವೇಳಾಪಟ್ಟಿಯನ್ನು ವರ್ಷದ ಕೊನೆಗೆ ಕೂತು ತುಂಬಿಸಿದ್ದೆಂದು ತಿಳಿಯಬಹುದು.

ಸಂಬಳದ ಸಾಲಿನ ಹೊರಗೂ ಸಂಬಳವಿರುತ್ತದೆ. ಮನೆ ಬಾಡಿಗೆ ‘ಅತಿಥಿಗೃಹ ವೆಚ್ಚ’ದಲ್ಲಿ, ಚಾಲಕನ ಪಗಾರ ‘ವಾಹನ ವೆಚ್ಚ’ದಲ್ಲಿ, ಒಂದಷ್ಟು ಮೊತ್ತ ‘ಸಲಹಾ ಶುಲ್ಕ’ದಲ್ಲಿ. ಆಡಿಟರುಗಳು ನೋಡಬೇಕಾದ ಒಂದು ಗುರುತಿದೆ. 1961ರ ಕಾಯ್ದೆಯಡಿ ಸಂಬಳದ ಟಿಡಿಎಸ್ (ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ವಿವರ 24ಕ್ಯೂ ನಮೂನೆಯಲ್ಲಿ ಹೋಗುತ್ತದೆ, ಸಲಹಾ ಶುಲ್ಕದ್ದು 26ಕ್ಯೂನಲ್ಲಿ. ಒಂದೇ ಪ್ಯಾನ್ ಸಂಖ್ಯೆ ಎರಡರಲ್ಲೂ ಕಂಡರೆ ಅಲ್ಲಿ ನಿಂತು ಕೇಳಬೇಕು. ಅಕ್ಕಪಕ್ಕದ ‘ಸಹೋದರ ಸಂಸ್ಥೆ’ಯಿಂದ ಬರುವ ಎರಡನೇ ಸಂಬಳವಂತೂ ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅಮೆರಿಕದ ಸಂಸ್ಥೆಗಳು ತುಂಬುವ 990 ನಮೂನೆಯ ಏಳನೇ ಭಾಗದಲ್ಲಿ ಪ್ರತಿಯೊಬ್ಬ ಪದಾಧಿಕಾರಿಯ ಹೆಸರು, ವಾರಕ್ಕೆ ಎಷ್ಟು ಗಂಟೆ ಕೆಲಸ, ಈ ಸಂಸ್ಥೆಯಿಂದ ಬಂದ ಸಂಬಳ, ಸಂಬಂಧಿತ ಸಂಸ್ಥೆಗಳಿಂದ ಬಂದದ್ದು, ಇತರ ಸವಲತ್ತು ಎಂದು ಬೇರೆ ಬೇರೆ ಕಾಲಂಗಳಿವೆ. ಆ ನಮೂನೆಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಆದಾಯ ತೆರಿಗೆ ಇಲಾಖೆಗೆ ನಮ್ಮ ಸಂಸ್ಥೆಗಳು 1961ರ ಕಾಯ್ದೆಯಡಿ ಕೊಡುವ 10ಬಿ ಆಡಿಟ್ ವರದಿಯಲ್ಲೂ ಟ್ರಸ್ಟಿಗಳಿಗೆ, ಬಂಧುಗಳಿಗೆ ಕೊಟ್ಟ ಹಣದ ವಿವರ ಬರೆಯಬೇಕು. ಬರೆದದ್ದು ಇಲಾಖೆಯ ಪೋರ್ಟಲ್‌ಗೆ ಹೋಗಿ ಕೂರುತ್ತದೆ, ದಾನಿಗೆ ಕಾಣುವುದಿಲ್ಲ.

ಹಾಗಾದರೆ ಸಾಮಾನ್ಯ ದಾನಿ ನೋಡುವುದೆಲ್ಲಿ? ಕಂಪನಿ ಕಾಯ್ದೆಯ 8ನೇ ಕಲಂನಲ್ಲಿ ನೋಂದಣಿಯಾದ ಸಂಸ್ಥೆಯಾದರೆ, ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಬ್ಯಾಲೆನ್ಸ್ ಶೀಟ್ ತೆರೆಯಬಹುದು. ‘ಸಂಬಂಧಿತ ವ್ಯಕ್ತಿಗಳ ಜೊತೆಗಿನ ವ್ಯವಹಾರ’ ಎಂಬ ಟಿಪ್ಪಣಿಗೆ ನೇರ ಹೋಗಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿಯ ಸಂಘವಾದರೆ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ವಾರ್ಷಿಕ ಲೆಕ್ಕ ಇರಬೇಕು. ಟ್ರಸ್ಟ್ ಆದರೆ ಕಷ್ಟ. ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ಸಿಕ್ಕೀತು, ಲೆಕ್ಕ ಸಿಗದು. ಮಹಾರಾಷ್ಟ್ರದಲ್ಲಿರುವಂಥ ಚಾರಿಟಿ ಕಮಿಷನರ್ ನಮ್ಮಲ್ಲಿಲ್ಲ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ವಾರ್ಷಿಕ ರಿಟರ್ನ್ಸ್ ಮೊದಲು ಗೃಹ ಸಚಿವಾಲಯದ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತಿದ್ದವು. 2022ರ ಜುಲೈನಲ್ಲಿ ಅವನ್ನು ತೆಗೆದುಹಾಕಲಾಯಿತು. ಸರ್ಕಾರದ ಹಣದಿಂದಲೇ ಗಣನೀಯವಾಗಿ ನಡೆಯುವ ಸಂಸ್ಥೆಗಳಿಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ಅನುದಾನಿತ ಶಾಲೆ–ಕಾಲೇಜು ನಡೆಸುವ ಸಂಸ್ಥೆಗಳಿಗೆ ಈ ದಾರಿಯಲ್ಲಿ ಅರ್ಜಿ ಹಾಕಿ ನೋಡಬಹುದು.

ಸರ್ಕಾರ ಮಾಡಬಹುದಾದದ್ದು ದೊಡ್ಡದೇನಲ್ಲ. 80ಜಿ (ದಾನಿಗಳಿಗೆ ಸಿಗುವ ತೆರಿಗೆ ರಿಯಾಯಿತಿ) ಮಾನ್ಯತೆ ಪಡೆದು ವರ್ಷಕ್ಕೆ 5 ಕೋಟಿಗಿಂತ ಹೆಚ್ಚು ಆದಾಯವಿರುವ ಸಂಸ್ಥೆಗಳು ಹೇಗೂ ಈ ಆಡಿಟ್ ವರದಿ ತುಂಬುತ್ತವೆ. ಅದರಲ್ಲಿ ಟ್ರಸ್ಟಿ–ಬಂಧುಗಳ ಪಾವತಿಯ ಭಾಗವನ್ನಷ್ಟೇ ಸಾರ್ವಜನಿಕಗೊಳಿಸಲಿ, ದಂಡವನ್ನು ಹಣ ಪಡೆದವರ ಮೇಲೆ ಹಾಕಲಿ. ಅಲ್ಲಿಯವರೆಗೆ ಸೇವಾ ಸಂಸ್ಥೆಗಳೇ ಸೇರಿ ಕಟ್ಟಿಕೊಂಡ ಕ್ರೆಡಿಬಿಲಿಟಿ ಅಲಯನ್ಸ್ ಒಕ್ಕೂಟದ ಮಾನದಂಡ ಕೈಯಲ್ಲಿದೆ. ಅದರಂತೆ ಮುಖ್ಯಸ್ಥರ ಸಂಬಳ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಪಡೆಯುವ ಸಿಬ್ಬಂದಿಯ ಸಂಬಳ, ಯಾವ ಹಂತದಲ್ಲಿ ಎಷ್ಟು ಹೆಂಗಸರು, ಎಷ್ಟು ಗಂಡಸರು, ವಿದೇಶ ಪ್ರಯಾಣದ ಖರ್ಚು ಇಷ್ಟನ್ನೂ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಬೇಕು. ಸ್ವಇಚ್ಛೆಯ ನಿಯಮವಾದ್ದರಿಂದ ಹಾಕುವವರು ಹಾಕುತ್ತಾರೆ, ಉಳಿದವರು ಮಕ್ಕಳ ನಗುಮುಖದ ಫೋಟೊ ಹಾಕುತ್ತಾರೆ.

ತಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಸಂಸ್ಥೆಗಳ ವಾರ್ಷಿಕ ವರದಿ ಬಿಡುಗಡೆಯ ಸುದ್ದಿ ಬರುತ್ತದೆ. ಮುಂದಿನ ಸಲ ವರದಿಗಾರರು ಎಷ್ಟು ಲಕ್ಷ ಫಲಾನುಭವಿಗಳು ಎಂಬುದರ ಜೊತೆಗೆ ಅತಿ ಹೆಚ್ಚಿನ ಸಂಬಳ ಎಷ್ಟು, ಅತಿ ಕಡಿಮೆ ಎಷ್ಟು, ಮೇಲಿನದ್ದನ್ನು ಯಾವ ತಾರೀಖಿನ ಸಭೆ ಒಪ್ಪಿತು ಎಂದೂ ಕೇಳಿ, ಸಿಕ್ಕ ಉತ್ತರವನ್ನು, ಉತ್ತರ ಸಿಗದಿದ್ದರೆ ಅದನ್ನೂ, ಅಚ್ಚು ಹಾಕಬೇಕೆಂದು ಕೋರುತ್ತೇವೆ.

– ಸೇವಾ ಸಂಸ್ಥೆಗಳ ಲೆಕ್ಕಪತ್ರ ನೋಡುವ ಕೆಲವರು, ಬೆಂಗಳೂರು