ಮಾಲ್‌ನ ಹವಾಯಿ ಹೋಟೆಲಿಗೆ ಹೋಗುವವರ ಗಮನಕ್ಕೆ

ಟೋಕಿಯೋ ಬಳಗದವರಿಗೆಲ್ಲ ನಮಸ್ಕಾರ. ವಾರಾಂತ್ಯದ ಮಧ್ಯಾಹ್ನ ಇಲ್ಲಿನ ಮಾಲ್‌ಗಳಲ್ಲಿರೋ ಹವಾಯಿ ಅಡುಗೆಯ ಹೋಟೆಲುಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ, ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಹೊರಗಿಟ್ಟ ಹಾಳೆಯಲ್ಲಿ ಕತಾಕಾನಾದಲ್ಲಿ (ವಿದೇಶಿ ಹೆಸರು ಬರೆಯೋ ಜಪಾನಿ ಲಿಪಿ) ಹೆಸರು, ಪಕ್ಕದಲ್ಲಿ ಎಷ್ಟು ಜನ ಅಂತ ಬರೆಯಿರಿ. ಕರೆದಾಗ ಎದುರಿಗೆ ಇರದಿದ್ದರೆ ಸರದಿ ಹೋಯ್ತು ಅಂತಲೇ ತಿಳಿಯಿರಿ. ಅಂಗಡಿ ಸುತ್ತೋದು ಊಟ ಆದಮೇಲೆ.

ಅಲ್ಲಿ ಸಿಗೋ ಲೊಕೊ ಮೊಕೊ ಅಂದರೆ ಅನ್ನದ ಮೇಲೆ ಕೊಚ್ಚಿದ ಮಾಂಸದ ದಪ್ಪ ಬಿಲ್ಲೆ, ಹಳದಿ ಇನ್ನೂ ಹರಿಯುವ ಮೊಟ್ಟೆ, ಮೇಲೆ ಕಂದು ಗ್ರೇವಿ. ಬಿಲ್ಲೆಯಲ್ಲಿ ದನದ ಜತೆ ಹಂದಿಯೂ ಸೇರಿರಬಹುದು, ಕೇಳಿಕೊಳ್ಳಿ. ಸಸ್ಯಾಹಾರಿಗಳು "ಮಾಂಸ ಬಿಟ್ಟು ಕೊಡಿ" ಅಂದರೆ ಸಾಲದು, ಗ್ರೇವಿಗೂ ಸಾಮಾನ್ಯವಾಗಿ ಮಾಂಸದ ಸಾರೇ ಆಧಾರ. ಪ್ಯಾನ್‌ಕೇಕ್‌ಗೆ ಮೊಟ್ಟೆ, ಸಲಾಡಿಗೆ ಎಷ್ಟೋ ಸಲ ಬೇಕನ್ ಚೂರು. ಸಸ್ಯಾಹಾರಿಗಳಿಗೆ ಹಣ್ಣು, ಗ್ರಾನೋಲಾ (ಹುರಿದ ಓಟ್ಸ್) ಹಾಕಿದ ಅಸಾಯಿ ಬೌಲೇ (ಅಸಾಯಿ ಅನ್ನೋ ನೇರಳೆ ಹಣ್ಣಿನ ತಣ್ಣನೆ ತಿರುಳಿನ ಬಟ್ಟಲು) ವಾಸಿ.

ಮೇಜಿನ ಮೇಲಿಟ್ಟ ಬಿಲ್ಲನ್ನು ಬಾಗಿಲ ಬಳಿಯ ಕೌಂಟರಿಗೆ ಒಯ್ದು ದುಡ್ಡು ಕೊಡಿ. ಟಿಪ್ಸ್ ಇಡಬೇಡಿ, ಮರೆತಿರಿ ಅಂತ ಹಿಂದೆಯೇ ಓಡಿಬಂದಾರು!