ಮೆಣಸಿನ ದುಡ್ಡು ಕಣ್ಣಿಗೇ ಇರಲಿ

ನ್ಯೂರೆಂಬರ್ಗ್
ಭಾನುವಾರ

ಪ್ರೀತಿಯ ಅಮ್ಮ, ಅಪ್ಪ,

ನಾನಿಲ್ಲಿ ಚೆನ್ನಾಗಿದ್ದೇನೆ. ಅಜ್ಜಿಗೆ ನಮಸ್ಕಾರ ಹೇಳಿ. ಕರಿಯನ ಕಾಲು ವಾಸಿ ಆಯ್ತಾ? ಕಾಫಿಗೆ ಹೂಮಳೆ ಸರಿಯಾಗಿ ಬಂತು ಅಂತ ಸುಮಂತ ಹೇಳಿದ, ಅಷ್ಟಾದ್ರೂ ಆಯ್ತಲ್ಲ.

ಅಮ್ಮ, ನಿನ್ನ ಪತ್ರ ಬಂತು. ಫೋನಲ್ಲಿ "ಎಲ್ಲ ಆರಾಮ" ಅಂದು, ಪತ್ರದ ಕೊನೇ ಪುಟದಲ್ಲಿ ಈ ಸುದ್ದಿ ಬರೆದಿದ್ದೀಯಲ್ಲ! ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಫೋನಲ್ಲಿ ಹೇಳೋಕಾಗಲ್ಲ, ಗೊತ್ತು. ಸುಮಂತನ ಕಂಪ್ಯೂಟರಿಗೆ ಚಿಕ್ಕಮಗಳೂರಿನ ಅಂಗಡಿಯವರು 1,22,000 ಹೇಳಿದ್ದಾರೆ, ಅಪ್ಪನ ಹತ್ತಿರ ಇರೋದು 80,000, ಉಳಿದದ್ದಕ್ಕೆ ಅಟ್ಟದ ಮೇಲಿನ ಮೆಣಸು ಕೊಟ್ಟುಬಿಡೋಣ, ಕಣ್ಣಿನ ಪೊರೆ ಆಪರೇಷನ್ ಮಳೆಗಾಲ ಕಳೆದ ಮೇಲೆ ನೋಡಿದ್ರಾಯ್ತು ಅಂತ ಅಪ್ಪ ಹೇಳ್ತಿದ್ದಾರೆ. ಇಷ್ಟೇ ತಾನೆ? ಹಾಗಾದ್ರೆ ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿಗೆ ಅಂತ ಒಂದು ಕಾಳು ಮೆಣಸನ್ನೂ ಮಾರಬೇಡಿ. ಅದು ಅಪ್ಪನ ಕಣ್ಣಿಗೆ ಅಂತ ಇಟ್ಟದ್ದು, ಕಣ್ಣಿಗೇ ಹೋಗಲಿ. ಕಂಪ್ಯೂಟರ್ 80,000 ಒಳಗೇ ಆಗುತ್ತೆ, ಮಾನಿಟರ್ ಸಮೇತ. ಅದೂ ಅಂಗಡಿಯವರು ಹೇಳಿದ್ದಕ್ಕಿಂತ ಚೆನ್ನಾಗಿರೋದೇ ಆಗುತ್ತೆ.

ಸುಮಂತನ ಮೇಲೆ ಕೂಗಾಡಬೇಡಿ. ಬಿಸಿಎ ಓದೋ ಹುಡುಗನಿಗೆ ಕಂಪ್ಯೂಟರ್ ಬೇಕು, ಅದು ನಿಜ. ಓದೋಕಿಂತ ಆಡೋದಕ್ಕೇ ಜಾಸ್ತಿ ಬೇಕು, ಅದೂ ನಿಜ. ಆಡಲಿ ಬಿಡಿ. ಮುಂಚೆ ಸಂಜೆಯಾದ್ರೆ ಬಣಕಲ್ ಪೇಟೆ ಸುತ್ತುತ್ತಿದ್ದ, ಈಗ ಮನೆಯಲ್ಲಾದ್ರೂ ಇರ್ತಾನೆ.

ಅವನು ಕಳಿಸಿದ ಕೊಟೇಶನ್ ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಲೆ ದಪ್ಪ ಅಕ್ಷರದಲ್ಲಿ ಐ7 12700ಎಫ್. ಆಮೇಲೆ ಲಿಕ್ವಿಡ್ ಕೂಲರ್, ಬಣ್ಣಬಣ್ಣದ ಲೈಟಿನ ಫ್ಯಾನುಗಳು, ಗಾಜಿನ ಕ್ಯಾಬಿನೆಟ್. ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಅಂತ ಹುಡುಕಿದ್ರೆ ಕೆಳಗೆಲ್ಲೋ ಜಿಟಿಎಕ್ಸ್ 1650, 4 ಜಿಬಿ. ಅದು 2019ರ ಕಾರ್ಡು. ಅಪ್ಪಾ, ನಿಮಗೆ ಅರ್ಥ ಆಗೋ ಥರ ಹೇಳೋದಾದ್ರೆ ಹತ್ತು ಎಚ್‌ಪಿ ಮೋಟರ್ ತಂದು ಕೈಯಲ್ಲಿ ತಿರುಗಿಸೋ ಕಾಫಿ ಪಲ್ಪರಿಗೆ ಕಟ್ಟಿದ್ದಾರೆ. ಗೇಮಿನಲ್ಲಿ ಚಿತ್ರ ಬಿಡಿಸೋ ಕೆಲಸ ಪೂರ್ತಿ ಆ ಕಾರ್ಡಿನದು. ಅದು ಸೋತರೆ ಐ7 ಸುಮ್ನೆ ಕೂತಿರುತ್ತೆ. ಆದ್ರೆ ಐ7 ಅಂದ್ರೆ ಗಿರಾಕಿಗೆ ಹೆಸರು ಗೊತ್ತು, ಲೈಟು ಕಣ್ಣಿಗೆ ಕಾಣುತ್ತೆ, ಅದಕ್ಕೇ ದುಡ್ಡೆಲ್ಲ ಅಲ್ಲಿಗೆ ಹೋಗಿದೆ.

ಅಪ್ಪನಿಗೆ ಇಷ್ಟವಾದ ಇನ್ನೊಂದು ಕೊಟೇಶನ್ ಇದೆಯಲ್ಲ, 32,000ಕ್ಕೆ "ಐ7, 16 ಜಿಬಿ" ಅಂತ, ಅದು ಬೇಡವೇ ಬೇಡ. ಅದರಲ್ಲಿರೋದು ಐ7 3770, 2012ರದು. ಐ7 ಅನ್ನೋದು ಮನೆತನದ ಹೆಸರು ಅಷ್ಟೇ, ತಲೆಮಾರು ಯಾವುದು ಅಂತ ಅದರ ಪಕ್ಕದ ನಂಬರ್ ಹೇಳುತ್ತೆ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೇದಕ್ಕೆ, ಕೆಲವು ಬಿಟ್ರೆ, ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ಇದು ಮೂರನೇದು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂಗಡಿಯವರು ಹೇಗೋ ವಿಂಡೋಸ್ 11 ಹಾಕಿ ಕೊಟ್ಟರೂ, ಇವನು ಆಡೋ ವ್ಯಾಲೊರೆಂಟ್ ಗೇಮು ಅದರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಭದ್ರತೆ ವ್ಯವಸ್ಥೆ ಎರಡೂ ಆನ್ ಇಲ್ಲದಿದ್ರೆ ಓಪನ್ ಆಗಲ್ಲ. ತಂದ ದಿನವೇ ಮುಖ ಊದಿಸಿಕೊಂಡು ಕೂರ್ತಾನೆ.

ಇಲ್ಲಿಂದ ಮುಂದೆ ಸುಮಂತನಿಗೆ. ಅಮ್ಮ, ಪತ್ರ ಅವನ ಕೈಗೆ ಕೊಡು.

ಲೋ ಸುಮಂತ, ಮೊದಲು ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ತೆಗೆದಿಡು, ಆಮೇಲೆ ಉಳಿದದ್ದು. ನೀನು ಆಡೋದು 1080ಪಿ ಮಾನಿಟರಿನಲ್ಲಿ. ಅದಕ್ಕೆ ಆರ್‌ಎಕ್ಸ್ 6600 8 ಜಿಬಿ ಸಾಕು, ಅದೇ ರೇಟಿನ ಹತ್ತಿರ ಹೊಸದು ಏನಾದ್ರೂ ಸಿಕ್ಕಿದ್ರೆ ಅದು. ಆದ್ರೆ 8 ಜಿಬಿಗಿಂತ ಕೆಳಗಿಳಿಯಬೇಡ. ಪ್ರೊಸೆಸರ್ ರೈಜನ್ 5 5600. ಆರು ಕೋರ್, 65 ವ್ಯಾಟ್, ಡಬ್ಬದಲ್ಲೇ ಕೂಲರ್ ಬರುತ್ತೆ. ನಮ್ಮೂರಲ್ಲಿ ಕಂಬಳಿ ಹೊದ್ದು ಗೇಮ್ ಆಡೋನಿಗೆ ಲಿಕ್ವಿಡ್ ಕೂಲರ್ ಯಾಕೋ? ಮದರ್‌ಬೋರ್ಡ್ ಬಿ550 ತಗೋ, ಅದರೊಳಗಿನ ಸಾಫ್ಟ್‌ವೇರ್ ಬಯಾಸ್ ಅಪ್‌ಡೇಟ್ ಮಾಡಿಯೇ ಕೊಡಿ ಅಂತ ಕೇಳು.

"ಎಎಂ5 ತಗೊಂಡ್ರೆ ಮುಂದೆ ಅಪ್‌ಗ್ರೇಡ್ ಮಾಡಬಹುದು ಅಕ್ಕ" ಅಂತೀಯ. ಮಾತು ಸರಿ ಇದೆ, ಕಾಲ ಸರಿ ಇಲ್ಲ. ಆ ಹೊಸ ಥರದ ಬೋರ್ಡಿಗೆ ಡಿಡಿಆರ್5 ಅನ್ನೋ ಹೊಸ ರ್‍ಯಾಮೇ ಬೇಕು. 2025ರ ಕೊನೆಯಿಂದ ರ್‍ಯಾಮ್ ರೇಟು ಎಲ್ಲ ಕಡೆ ಏರಿ ಕೂತಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಎಷ್ಟು ಕೊಟ್ಟರೂ ಸಾಲ್ತಿಲ್ಲ, ಚಿಪ್ ಮಾಡೋರು ಲಾಭ ಇರೋ ಕಡೆ ತಿರುಗಿದ್ದಾರೆ. ನಿನ್ನಂಥ ಗಿರಾಕಿಗೆ ಉಳಿದದ್ದೇ ಗತಿ. ಹಳೇ ಡಿಡಿಆರ್4 ಕೂಡ ಏರಿದೆ, ಆದ್ರೂ ಅದರಲ್ಲೇ ಹೋಗೋಣ. ಮುಂದೆ ಬೇಕಾದ್ರೆ ಅದೇ ಬೋರ್ಡಿಗೆ ಎಂಟು ಕೋರಿನ 5700ಎಕ್ಸ್ ಹಾಕಬಹುದು. 16 ಜಿಬಿ ತಗೊಳ್ಳುವಾಗ ಒಂದೇ ಕಡ್ಡಿ ತಗೋಬೇಡ, 8ರ ಎರಡು ತಗೋ. ಎರಡು ಚಾನೆಲ್ಲಿನಲ್ಲಿ ಓಡಿದ್ರೆ ಗೇಮಿನಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಮನೆಗೆ ತಂದ ಮೇಲೆ ಬಯಾಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡು, ಇಲ್ಲಾಂದ್ರೆ 3200ರ ರ್‍ಯಾಮ್ ಕಡಿಮೆ ಸ್ಪೀಡಿನಲ್ಲೇ ತೆವಳುತ್ತೆ. ಎಸ್‌ಎಸ್‌ಡಿ ಸದ್ಯಕ್ಕೆ 500 ಜಿಬಿ ಸಾಕು, ಬೋರ್ಡಿನಲ್ಲಿ ಇನ್ನೊಂದು ಜಾಗ ಇದೆಯಾ ನೋಡಿಕೋ, ಸಂಬಳ ಬರೋ ಕಾಲಕ್ಕೆ ನೀನೇ ಹಾಕಿಕೊಳ್ತೀಯ.

ಈಗ ಎಸ್‌ಎಂಪಿಎಸ್. ಕಂಪ್ಯೂಟರಿನ ಒಳಗೆಲ್ಲ ಕರೆಂಟ್ ಹಂಚೋ ಡಬ್ಬ ಅದು, ಇಲ್ಲಿ ಸ್ವಲ್ಪ ಗಮನ ಇಟ್ಟು ಓದು, ಅಣಕಿಸಬೇಡ. ಆ ಕೊಟೇಶನ್ನಿನಲ್ಲಿ "600 ವ್ಯಾಟ್ ಎಸ್‌ಎಂಪಿಎಸ್" ಅಂತ ಇದೆ, ಕಂಪನಿ ಹೆಸರೇ ಇಲ್ಲ. ನೀನು ಅಂಗಡಿಯಲ್ಲಿ ತೆಗೆದ ಫೋಟೋದಲ್ಲಿ ಅದರ ಪಕ್ಕದ ಸ್ಟಿಕ್ಕರ್ ಅರ್ಧ ಕಾಣುತ್ತೆ. +12 ವೋಲ್ಟಿನ ಕೆಳಗೆ 18 ಆಂಪ್. 12 ಇಂಟು 18, 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯೋದು ಆ 12 ವೋಲ್ಟಿನಿಂದಲೇ. ಉಳಿದ ವ್ಯಾಟೆಲ್ಲ ಡಬ್ಬದ ಮೇಲಿನ ಬರವಣಿಗೆ. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಎಳೆಯುತ್ತೆ. ಒಳ್ಳೇ ಕಂಪನಿಯ 550 ವ್ಯಾಟಿನದ್ದು, 80 ಪ್ಲಸ್ ಬ್ರಾಂಜ್ ಅನ್ನೋ ದಕ್ಷತೆಯ ಮುದ್ರೆ ಇರೋದು ತಗೋ. ಅದರಲ್ಲಿ 12 ವೋಲ್ಟಿಗೆ 40 ಆಂಪ್‌ಗಿಂತ ಮೇಲೇ ಇರುತ್ತೆ. ಅಂಗಡಿಯಲ್ಲಿ ಡಬ್ಬ ತೆಗೆಸಿ ಸ್ಟಿಕ್ಕರ್ ಓದು, ನಾಚಿಕೊಳ್ಳಬೇಡ. ಬೇಕಾದ್ರೆ ಎಸ್.ಪಿ. ರೋಡಿನಲ್ಲೂ ಒಂದು ರೇಟು ಕೇಳಿಸು, ಬೆಂಗಳೂರಿನಲ್ಲಿ ಚಿಕ್ಕಪ್ಪ ಇದ್ದಾರಲ್ಲ. ಎಲ್ಲಿ ತಗೊಂಡ್ರೂ ಪ್ರತಿ ಪಾರ್ಟಿನ ಮಾಡೆಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬೇಕು. ಬಿಲ್ ಇಲ್ಲದೆ ಇಷ್ಟು ಕಡಿಮೆ ಅಂದ್ರೆ ಎದ್ದು ಬಾ.

ನಮ್ಮ ಮನೆ ಕರೆಂಟು ನಿನಗೆ ಗೊತ್ತೇ ಇದೆ. ಸಂಜೆ ಎಲ್ಲರ ಮೋಟರ್ ಶುರುವಾದ್ರೆ ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತೆ. ಮಳೆಗಾಲದಲ್ಲಿ ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಲೈನ್‌ಮನ್ ಬರೋತನಕ ಸೀಮೆಎಣ್ಣೆ ದೀಪವೇ. ಆದ್ದರಿಂದ 1000 ವಿಎ ಯುಪಿಎಸ್ ಬೇಕೇ ಬೇಕು, ಅಂಥದ್ದು ಸಾಮಾನ್ಯವಾಗಿ 600 ವ್ಯಾಟ್ ತಡೆಯುತ್ತೆ. ಅದರ ದುಡ್ಡು ನಾನು ಕಳಿಸುತ್ತೇನೆ, 80,000ದಲ್ಲಿ ಸೇರಿಸಬೇಡ. ಯುಪಿಎಸ್ ಇರೋದು ಸೇವ್ ಮಾಡಿ ಆಫ್ ಮಾಡೋದಕ್ಕೆ, ಮ್ಯಾಚ್ ಮುಗಿಸೋದಕ್ಕಲ್ಲ. ಕಂಪ್ಯೂಟರ್ ಬರೋ ಮುಂಚೆ ಎಲೆಕ್ಟ್ರಿಶಿಯನ್ನನ್ನ ಕರೆಸಿ ಅರ್ತಿಂಗ್ ನೋಡಿಸು. ಅರ್ತ್ ಇಲ್ಲದಿದ್ರೆ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಅನ್ನುತ್ತೆ, ಅಜ್ಜಿ ದೇವರು ಬಂದಿದೆ ಅಂದುಕೊಳ್ತಾರೆ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗುತ್ತೆ, ನೀರು ಹಾಕಿಸು. ಗುಡುಗು ಶುರುವಾದ ತಕ್ಷಣ ಪ್ಲಗ್ ಕೀಳು, ಇಂಟರ್‌ನೆಟ್ ಕೇಬಲ್ಲೂ ಕೀಳು. ಸಿಡಿಲು ಆ ತಂತಿಯಲ್ಲೂ ಬರುತ್ತೆ. ಅಡುಗೆಮನೆ ಪಕ್ಕದ ಗೋಡೆಗೆ ಒತ್ತಿ ಇಡಬೇಡ, ಜುಲೈ ಹೊತ್ತಿಗೆ ಆ ಗೋಡೆ ಬೆವರುತ್ತೆ. ನೆಲದ ಮೇಲೂ ಬೇಡ, ಮೇಜಿನ ಮೇಲಿಡು. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚು. 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಚುಚ್ಚಿ "ಡಿಸ್‌ಪ್ಲೇ ಬರ್ತಿಲ್ಲ ಅಕ್ಕ" ಅಂತ ನಡುರಾತ್ರಿ ಫೋನ್ ಮಾಡಬೇಡ.

ಅಮ್ಮ, ಈಗ ನೀನು ಓದು. "ಅಲ್ಲಿಂದಲೇ ತಂದುಬಿಡು, ಫಾರಿನ್ನಲ್ಲಿ ಕಡಿಮೆ ಅಲ್ವಾ" ಅಂತ ಕೇಳಿದ್ದೀಯ. ಕಡಿಮೆ ಏನಿಲ್ಲಮ್ಮ, ಇಲ್ಲಿ ತೆರಿಗೆ ನಮ್ಮಲ್ಲಿಗಿಂತ ಒಂದು ಪರ್ಸೆಂಟ್ ಜಾಸ್ತಿಯೇ, 19. ಕೆಟ್ಟರೆ ಇಲ್ಲಿನ ವಾರಂಟಿ ಅಲ್ಲಿ ಎಷ್ಟೋ ಸಲ ನಡೆಯಲ್ಲ. ಇಲ್ಲಿ ಒಂದು ಒಳ್ಳೇ ಪದ್ಧತಿ ಇದೆ. ಆನ್‌ಲೈನಿನಲ್ಲಿ ತಗೊಂಡದ್ದನ್ನ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ಯಾಕೆ ಅಂತ ಕೇಳೋ ಹಾಗೇ ಇಲ್ಲ! ಬೇಡವಾದ ಸಾಮಾನನ್ನ ಪುಟ್‌ಪಾತಿನಲ್ಲಿಟ್ಟು "ಬೇಕಾದವರು ಒಯ್ಯಿರಿ" ಅಂತ ಚೀಟಿ ಅಂಟಿಸ್ತಾರೆ, ನನ್ನ ಮೇಜಿನ ಮೇಲಿರೋ ಮಾನಿಟರ್ ಹಾಗೇ ಸಿಕ್ಕಿದ್ದು, ಹೊಳೆಯುತ್ತಾ ಇದೆ. ಬೀದಿಯಿಂದ ತಂದದ್ದು ಅಂತ ಅತ್ತೆಗೆ ಹೇಳಬೇಡ. ಕರೆಂಟು ಹೋಗೋದೇ ಇಲ್ಲ, ಆದ್ರೆ ಯೂನಿಟ್ಟಿಗೆ ಸುಮಾರು 40 ಸೆಂಟ್ ಬೀಳುತ್ತೆ. ಆಫೀಸಿನ ಹುಡುಗರು ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವಾಗ ವ್ಯಾಟ್ ಲೆಕ್ಕ ಹಾಕಿಯೇ ತಗೊಳ್ತಾರೆ. ಭಾನುವಾರ ಅಂಗಡಿ ಬಂದ್, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಸದ್ದು ಮಾಡಿದ್ರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಊರಿನ ಭಾನುವಾರದ ಗಲಾಟೆಯೇ ಚೆನ್ನ, ಹೇಳಿದ್ರೆ ನೀನು ನಗ್ತೀಯ.

ಅಪ್ಪಾ, ಇದು ನಿಮಗೆ. ಪೊರೆ ಇನ್ನೂ ಬಲಿಯಲಿ ಅಂತ ಕಾಯೋ ಕಾಲ ಹೋಯ್ತು, ಈಗಿನ ಡಾಕ್ಟರುಗಳು ಹಾಗೆ ಕಾಯಿಸಲ್ಲ. ಕಣ್ಣಿಗೆ ಮಾತ್ರ ಮರಗಟ್ಟಿಸಿ ಮಾಡ್ತಾರೆ, ಹೆಚ್ಚಿನವರು ಅದೇ ದಿನ ಮನೆಗೆ ಬರ್ತಾರೆ, ಆಮೇಲೆ ಕೆಲವು ವಾರ ಡ್ರಾಪ್ಸ್ ಹಾಕಿಕೊಂಡು ಧೂಳು, ನೀರು ತಾಗದ ಹಾಗೆ ನೋಡಿಕೊಂಡ್ರೆ ಆಯ್ತು. ಮಳೆಗಾಲ ಮುಗಿದ ಮೇಲೆ ಅಂತೀರಿ, ಮಳೆಗಾಲ ಮುಗಿದ್ರೆ ಕಾಫಿ ಹಣ್ಣು ಕೊಯ್ಲು ಶುರು, ಕಣದಿಂದ ನಿಮ್ಮನ್ನ ಎಬ್ಬಿಸೋರು ಯಾರು? ಎದುರಿನ ಗಾಡಿ ಲೈಟು ಹೊಡೆದ್ರೆ ಏನೂ ಕಾಣಲ್ಲ ಅಂತ ಅಮ್ಮನ ಹತ್ತಿರ ಹೇಳಿದ್ದೀರಂತೆ. ಅಷ್ಟಾದ ಮೇಲೂ ಕೊಟ್ಟಿಗೆಹಾರದಿಂದ ಕತ್ತಲಲ್ಲಿ ಬೈಕ್ ಓಡಿಸಿಕೊಂಡು ಬರ್ತೀರಲ್ಲ! ಆಪರೇಷನ್ ಆಗೋತನಕ ಸಂಜೆ ಮೇಲೆ ಬೈಕ್ ಕೀ ಸುಮಂತನ ಹತ್ತಿರ ಇರಲಿ. ಮಗಳ ಮಾತಿಗೆ ಸಿಟ್ಟು ಬಂದ್ರೂ ಪರವಾಗಿಲ್ಲ.

ಸುಮಂತ, ನಿನಗೆ ಒಂದೇ ಷರತ್ತು. ಅಪ್ಪನನ್ನ ಆಸ್ಪತ್ರೆಗೆ ನೀನೇ ಕರೆದುಕೊಂಡು ಹೋಗಿ ದಿನ ಗೊತ್ತು ಮಾಡಿಕೊಂಡು ಬಾ, ಚೀಟಿಯ ಫೋಟೋ ನನಗೆ ಕಳಿಸು. ಅದು ಬಂದ ಮೇಲೇ ಯುಪಿಎಸ್ ದುಡ್ಡು. ಕಂಪ್ಯೂಟರ್ ಅಂಗಡಿಗೆ ಅದರ ಆಮೇಲೆ ಹೋಗು.

ಅಮ್ಮ, ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡ. ಊಟ ಸರಿಯಾಗಿ ಮಾಡ್ತೀನಿ, ನಿದ್ದೆ ಸರಿಯಾಗಿ ಮಾಡ್ತೀನಿ, ಕೆಮ್ಮು ಪೂರ್ತಿ ಹೋಗಿದೆ, ದಪ್ಪನೇ ಜಾಕೆಟ್ಟೂ ಇದೆ, ದುಡ್ಡೂ ಇದೆ, ನಿಜವಾಗ್ಲೂ ಇದೆ. ಯುಪಿಎಸ್ ಏನು ಮಹಾ, ನನಗೆ ತೊಂದರೆ ಆಗಲ್ಲ. ಫೋಟೋದಲ್ಲಿ ಸಣ್ಣ ಕಂಡಿದ್ದು ಕ್ಯಾಮೆರಾದ್ದು. ಮದುವೆ ವಿಷಯ ಬರೆದಿದ್ದೀಯ, ಅದನ್ನ ಇನ್ನೊಂದು ಸಲ ಮಾತಾಡೋಣ.

ಕುಕ್ಕರ್ ಕೂಗ್ತಿದೆ, ನಿಲ್ಲಿಸುತ್ತೇನೆ. ಅಜ್ಜಿಗೆ ಮಾತ್ರೆ ಮರೆಯಬೇಡಿ. ಆಸ್ಪತ್ರೆ ದಿನ ಗೊತ್ತಾದ ತಕ್ಷಣ ಫೋನ್ ಮಾಡಿ, ರಾತ್ರಿಯಾದ್ರೂ ಸರಿ.

ನಿಮ್ಮ
ರಶ್ಮಿ